ಗದುಗಿನ ಹಳೆಯ ಪೇಟೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಗದುಗಿನ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ವೀರನಾರಾಯಣನೂ ಕುಮಾರವ್ಯಾಸನೂ ನೆನಪಾಗುತ್ತಾರೆ. ಅದು ಸಹಜವೇ. ಆದರೆ ವೀರನಾರಾಯಣನ ದರ್ಶನ ಮುಗಿಸಿ ತ್ರಿಕೂಟೇಶ್ವರದತ್ತ ಹೊರಡುವ ಯಾತ್ರಿಕರು ನಡುವಿನ ಓಣಿಗಳನ್ನು ದಾರಿಯೆಂದಷ್ಟೇ ತಿಳಿದು ದಾಟಿಬಿಡುತ್ತಾರೆ. ಗುಡಿ, ಮಠ, ಮಸೀದಿ, ಮನೆ, ಅಂಗಡಿ ಇವೆಲ್ಲ ಕೂಡಿ ಬೆಳೆದ ಒಂದೇ ಕಟ್ಟಡವೆಂಬಂತೆ ಹಳೆಯ ಗದುಗನ್ನು ನೋಡಬೇಕೆಂಬುದು ನನ್ನ ವಿನಂತಿ.

ಶಾಸನಗಳಲ್ಲಿ ಈ ಊರಿಗೆ ಕ್ರತುಕವೆಂಬ ಹೆಸರಿದೆ. ಒಂದೇ ಪೀಠದ ಮೇಲೆ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಸಂಕೇತಿಸುವ ಮೂರು ಲಿಂಗಗಳಿರುವ ತ್ರಿಕೂಟೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈಗಿನ ವೈಭವವನ್ನು ಪಡೆಯಿತು. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆಲಸ ಮಾಡಿದರೆ, ಗದಗ ಮತ್ತು ಲಕ್ಕುಂಡಿಯ ಶಿಲ್ಪಿಗಳು ಬಳಪದ ಕಲ್ಲಿನ ಜಾತಿಯ ಮೃದು ಶಿಲೆಯನ್ನು ಆರಿಸಿಕೊಂಡರು. ಉಳಿಗೆ ಸುಲಭವಾಗಿ ಒಗ್ಗುವ ಆ ಕಲ್ಲಿನಿಂದಾಗಿ ಕಂಬಗಳನ್ನು ತಿರುಗಣಿಯಲ್ಲಿ ಕಡೆದು ನುಣುಪುಗೊಳಿಸುವುದೂ, ಕೂದಲೆಳೆಯಷ್ಟು ಸೂಕ್ಷ್ಮವಾದ ಕೆತ್ತನೆಯನ್ನು ಮಾಡುವುದೂ ಸಾಧ್ಯವಾಯಿತು. ಈ ಕೌಶಲದ ತುದಿಯನ್ನು ಕಾಣಬೇಕೆಂದಿದ್ದರೆ ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳ ಮುಂದೆ ನಿಲ್ಲಬೇಕು. ಒಳಗಿನ ವಿಗ್ರಹ ಭಗ್ನವಾಗಿದೆ. ಕಂಬಗಳು ಮಾತ್ರ ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತವೆ. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನು ದೇವಗಿರಿಯ ಸೇವುಣ ಅರಸರನ್ನು ಸೋಲಿಸಿ ಈ ಸೀಮೆಯನ್ನು ಗೆದ್ದುಕೊಂಡ ಮೇಲೆ, 1192ರಲ್ಲಿ ತ್ರಿಕೂಟೇಶ್ವರನಿಗೆ ದತ್ತಿ ಬಿಟ್ಟ ಶಾಸನವೂ ಇಲ್ಲಿದೆ. ಅರಸುಮನೆತನಗಳು ಬದಲಾದರೂ ಗುಡಿಯ ಆದಾಯವೂ ಅದನ್ನು ನೆಚ್ಚಿದ ಜನರ ಬದುಕೂ ಮುಂದುವರಿದುದಕ್ಕೆ ಅದು ಸಾಕ್ಷಿ.

ವೀರನಾರಾಯಣ ಗುಡಿಯನ್ನು ಪ್ರತೀತಿಯು ವಿಷ್ಣುವರ್ಧನನ ಕಾಲಕ್ಕೆ ಒಯ್ಯುತ್ತದೆ. ಎತ್ತರವಾದ ಗೋಪುರ ವಿಜಯನಗರ ಶೈಲಿಯದು. ಕೋಳಿವಾಡದ ಕವಿ ಕುಮಾರವ್ಯಾಸನು ಈ ಗುಡಿಯ ಕಂಬವೊಂದರ ಬಳಿ ಕುಳಿತು ಭಾರತವನ್ನು ರಚಿಸಿದನೆಂಬ ನಂಬಿಕೆಯನ್ನು ಊರಿನವರು ಇಂದಿಗೂ ಅಕ್ಕರೆಯಿಂದ ಹೇಳುತ್ತಾರೆ.

ಇನ್ನು ಮನೆಗಳ ಮಾತು. ನನಗೆ ಹೆಚ್ಚು ಹೇಳಬೇಕೆನಿಸುವುದು ಇವುಗಳ ಬಗೆಗೆ. ಧಾರವಾಡದಿಂದ ಪಡುವಣಕ್ಕೆ ಹೋದಂತೆ ಮಳೆ ಹೆಚ್ಚಾಗಿ ಇಳಿಜಾರಿನ ಹಂಚಿನ ಮಾಡು ಕಾಣುತ್ತದೆ. ಮೂಡಣಕ್ಕೆ ಗದುಗಿನ ಕಡೆ ಬಂದಂತೆ ಮಳೆ ಕಡಿಮೆಯಾಗಿ ಮಾಳಿಗೆಯ, ಅಂದರೆ ಮಟ್ಟಸವಾದ ಮಣ್ಣಿನ ಮಾಡಿನ, ಮನೆಗಳು ಮೊದಲಾಗುತ್ತವೆ. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆಯ ಸೀಳುಗಳು, ಅದರ ಮೇಲೆ ದಪ್ಪನಾದ ಮಣ್ಣಿನ ಹೊದಿಕೆ: ಇದೇ ಮೇಲ್ಮುದ್ದೆ. ಹೊಲದ ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿದಾಗ ಬಿರುಕು ಬಿಡುವುದರಿಂದ ಮಾಳಿಗೆಗೆ ಒದಗುವುದಿಲ್ಲ. ಅದಕ್ಕಾಗಿ ಬಿಳಿಯ ಹಾಳುಮಣ್ಣನ್ನು ತಂದು ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹಾಕುವ ರೂಢಿ ಬೆಳೆಯಿತು. ಬೀದಿಗೆ ಕಟ್ಟೆ, ಒಳಗೆ ಮರದ ಕಂಬಗಳ ಪಡಸಾಲೆ, ಮಾಳಿಗೆಯಲ್ಲಿ ಬೆಳಕಿಂಡಿ. ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆಗಳು ಬೇಸಿಗೆಯ ಬಿಸಿಲನ್ನು ತಡೆದು ಒಳಗನ್ನು ತಂಪಾಗಿಡುತ್ತವೆ. ಹವೆ, ಮಣ್ಣು, ಮಳೆ ಮೂರನ್ನೂ ಅರಿತವರು ಕಟ್ಟಿದ ಈ ಮನೆಗಳನ್ನು ಹಿಂದುಳಿದ ಕಾಲದ ಗುರುತೆಂದು ಹೇಳುವುದು ಅನ್ಯಾಯ.

ಪೇಟೆಯನ್ನು ಹಿಗ್ಗಿಸಿದ್ದು ಹತ್ತಿ. ಅಮೆರಿಕದ ಅಂತರ್ಯುದ್ಧದಿಂದಾಗಿ 1861ರಿಂದ 1865ರವರೆಗೆ ಅಲ್ಲಿನ ಅರಳೆ ಇಂಗ್ಲೆಂಡಿಗೆ ಸಾಕಷ್ಟು ಬಾರದಿದ್ದಾಗ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಬಂದು, ಹುಬ್ಬಳ್ಳಿ, ಬಳ್ಳಾರಿ, ಹೊಟಗಿ ಕಡೆಯ ಮಾರ್ಗಗಳು ಕೂಡುವ ಜಂಕ್ಷನ್ನಾಗಿ ಗದುಗು ಬೆಳೆಯಿತು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳೂ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿಗಳೂ ನಿಂತವು. ನೆರೆಯ ಬೆಟಗೇರಿಯಲ್ಲಿ ನೇಕಾರರ ಮಗ್ಗಗಳಿದ್ದವು.

ಇಷ್ಟೆಲ್ಲ ಇದ್ದರೂ ಕಾನೂನಿನ ರಕ್ಷಣೆ ಸ್ಮಾರಕದ ಸುತ್ತಲೇ ಸುತ್ತುತ್ತದೆ. ಪುರಾತನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಗಿನ 200 ಮೀಟರಿನಲ್ಲಿ ನಿರ್ಬಂಧವಿದೆ. ಸ್ಮಾರಕದ ಪರಿಸರಕ್ಕೆ ಇದು ಅಗತ್ಯವೇ ಸರಿ. ಆದರೆ ಅಲ್ಲಿನ ಹಳೆಯ ಮನೆಯೇ ಒಂದು ಆಸ್ತಿ ಎಂಬ ಭಾವನೆ ಈ ನಿಯಮದಲ್ಲಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಪಡಸಾಲೆಯ ನಡುವೆ ಗೋಡೆ ಏಳುತ್ತದೆ, ಹಾಳುಮಣ್ಣು ಹಾಕಲು ಬಲ್ಲ ಆಳು ಸಿಗುವುದಿಲ್ಲ, ಸೋರುವ ಮಾಳಿಗೆಯನ್ನು ಸಹಿಸಲಾರದೆ ಮನೆಯವರು ಕೆಡವುತ್ತಾರೆ. ಅವರನ್ನು ದೂರುವುದು ತರವಲ್ಲ. ಅವರಿಗೆ ಬೇಕಾಗಿರುವುದು ದುರಸ್ತಿಗೆ ನೆರವು ಮತ್ತು ಕೆಲಸ ಬಲ್ಲ ಕೈಗಳು.

ಅದಕ್ಕೂ ಮೊದಲು ಆಗಬೇಕಾದ ಕೆಲಸಕ್ಕೆ ಹೆಚ್ಚು ಹಣ ಬೇಡ. ಗದುಗಿನ ಕಾಲೇಜುಗಳ ವಿದ್ಯಾರ್ಥಿಗಳು ಓಣಿಗೊಂದು ಗುಂಪಾಗಿ, ಮನೆಯವರ ಒಪ್ಪಿಗೆ ಪಡೆದು, ಪ್ರತಿ ಹಳೆಯ ಮನೆಯ ಅಂಕಣಗಳನ್ನು ಅಳೆದು ನಕ್ಷೆ ಬರೆಯಲಿ. ಬಾಗಿಲವಾಡದ ಕೆತ್ತನೆಯ ಚಿತ್ರ ತೆಗೆಯಲಿ. ಮೇಲ್ಮುದ್ದೆ ಹಾಕಿದ ಹಿರಿಯರಿಂದ ಮಣ್ಣಿನ ಹದವನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಆ ದಾಖಲೆಯ ಒಂದು ಪ್ರತಿ ನಗರಸಭೆಯಲ್ಲಿಯೂ ಇನ್ನೊಂದು ಗ್ರಂಥಾಲಯದಲ್ಲಿಯೂ ಇದ್ದರೆ, ಯಾವ ಮನೆಗೆ ಮೊದಲು ನೆರವು ಸಲ್ಲಬೇಕೆಂಬುದನ್ನು ಊರಿನವರೇ ಕುಳಿತು ತೀರ್ಮಾನಿಸಬಹುದು. ನಮಸ್ಕಾರ.