ಗಂಜಿಯಾಗುವ ನೆಲ

ಕೇಳುಗರಿಗೆ ನಮಸ್ಕಾರ.

1964ರ ಜೂನ್ 16. ಜಪಾನಿನ ನಿಗಾಟ ನಗರದಲ್ಲಿ ಭೂಕಂಪವಾಯಿತು. ಶಿನಾನೊ ನದಿಯ ಪಕ್ಕ ವಸತಿ ಕಟ್ಟಡಗಳ ಸಾಲೊಂದಿತ್ತು. ಅದರಲ್ಲೊಂದು ವಾಲುತ್ತಾ ವಾಲುತ್ತಾ ಹೆಚ್ಚುಕಡಿಮೆ ಮಲಗಿಯೇ ಬಿಟ್ಟಿತು. ಒಳಗಿದ್ದವರು ಹೊರಗೋಡೆಯ ಮೇಲೆ ನಡೆದು ಇಳಿದರಂತೆ! ಕಟ್ಟಡ ಮುರಿದಿರಲಿಲ್ಲ. ಕೈಕೊಟ್ಟದ್ದು ಕೆಳಗಿನ ಮರಳು.

ಸೇರಿನಲ್ಲಿ ರಾಗಿ ಅಳೆಯುವಾಗ ಸ್ವಲ್ಪ ಕುಲುಕುತ್ತೇವೆ, ಅಲ್ವಾ? ಕಾಳು ಒತ್ತಾಗಿ ಕೂತು, ಇನ್ನೊಂದು ಹಿಡಿಗೆ ಜಾಗವಾಗುತ್ತದೆ. ನೆಲ ನಡುಗಿದಾಗ ಸಡಿಲ ಮರಳೂ ಹಾಗೇ ಕೂರಲು ನೋಡುತ್ತದೆ. ಆದರೆ ಸಂದಿನಲ್ಲೆಲ್ಲ ನೀರು. ಅಷ್ಟು ಬೇಗ ಅದು ಎಲ್ಲಿಗೆ ಹೋದೀತು? ನೀರಿನ ಒತ್ತಡ ಏರಿ, ಕಣಕ್ಕೆ ಕಣದ ಆಸರೆ ತಪ್ಪುತ್ತದೆ. ಆ ಹೊತ್ತಿಗೆ ನೆಲ ಗಂಜಿ.

ಇದನ್ನು ಮೊದಲೇ ತಿಳಿಯುವ ಪರೀಕ್ಷೆ ನೋಡಲು ತೀರಾ ಸಾದಾ. ನೆಲ ಕೊರೆದು, ಗುಂಡಿಯ ತಳಕ್ಕೆ ಕೊಳವೆ ಇಳಿಸುತ್ತಾರೆ. 63.5 ಕೆ.ಜಿ. ತೂಕದ ಸುತ್ತಿಗೆಯನ್ನು ಸುಮಾರು 75 ಸೆಂ.ಮೀ. ಎತ್ತಿ ಬಿಡುತ್ತಾರೆ. ಧಡ್, ಧಡ್! ಕೊಳವೆ ಇಳಿಯುವ ಮೊದಲ 15 ಸೆಂ.ಮೀ. ಲೆಕ್ಕಕ್ಕಿಲ್ಲ. ಮುಂದಿನ 30 ಸೆಂ.ಮೀ. ಇಳಿಯಲು ಎಷ್ಟು ಏಟು ಬಿತ್ತೆಂದು ಎಣಿಸಿ ಬರೆದುಕೊಳ್ಳುತ್ತಾರೆ. ಏಳೆಂಟು ಏಟಿಗೇ ಇಳಿದರೆ ಮರಳು ಸಡಿಲ. ಅಲ್ಲೇ ನೀರೂ ಇದ್ದರೆ ಹುಷಾರಾಗಬೇಕು. ಮೂವತ್ತು ದಾಟಿದರೆ ಸಾಮಾನ್ಯವಾಗಿ ಭಯವಿಲ್ಲ. ಬರೀ ಎಣಿಕೆ ಸಾಲದು. ಭೂಕಂಪ ಕೊಡುವ ಪೆಟ್ಟೆಷ್ಟು, ಮಣ್ಣು ತಾಳುವುದೆಷ್ಟು ಎಂದು ತೂಗಿ ನೋಡಬೇಕು. ಆ ಲೆಕ್ಕಕ್ಕೆ 1971ರಲ್ಲಿ ಸುಲಭ ದಾರಿ ಹಾಕಿಕೊಟ್ಟವರು ಸೀಡ್ ಮತ್ತು ಇದ್ರಿಸ್ ಎಂಬ ಇಬ್ಬರು ಎಂಜಿನಿಯರುಗಳು. ಬೇಸಿಗೆಯಲ್ಲಿ ಕೊರೆದು 'ನೀರಿಲ್ಲ' ಎಂದು ಸುಮ್ನೆ ಬರೆದುಬಿಟ್ಟರೆ ಮಾತ್ರ ಲೆಕ್ಕವೇ ತಪ್ಪು. ಮಳೆಗಾಲದಲ್ಲಿ ಅದೇ ನೀರು ಮೇಲೆ ಬಂದಿರುತ್ತದೆ!

ಮರಳಿಲ್ಲದ ಕಡೆಯೂ ಮೆತ್ತನೆ ಮಣ್ಣು ಕಾಡುತ್ತದೆ. 1985ರಲ್ಲಿ ಮೆಕ್ಸಿಕೊ ನಗರಕ್ಕೆ ಬಂದ ಭೂಕಂಪದ ಅಲೆಗಳು 350 ಕಿ.ಮೀ.ಗಿಂತ ದೂರದ ಕರಾವಳಿಯಲ್ಲಿ ಹುಟ್ಟಿದವು. ಗಟ್ಟಿ ನೆಲದಲ್ಲಿ ಅಷ್ಟೊಂದು ಕುಲುಕಾಟವಿರಲಿಲ್ಲ. ಹಳೇ ಕೆರೆಯಂಗಳದ ಜೇಡಿಮಣ್ಣು ಮಾತ್ರ ಅಲೆಗಳನ್ನು ಹಲವು ಪಟ್ಟು ಹಿಗ್ಗಿಸಿತು. ಜೋಕಾಲಿಯನ್ನು ಹದ ನೋಡಿ ತಳ್ಳಿದಂತೆ, ಮಣ್ಣಿನ ತೂಗಾಟಕ್ಕೆ ತಾಳ ಕೂಡಿದ ಮಧ್ಯಮ ಎತ್ತರದ ಕಟ್ಟಡಗಳೇ ಜಾಸ್ತಿ ಬಿದ್ದವು.

ಬೆಂಗಳೂರಿಗೆ ಮೆಕ್ಸಿಕೊದಷ್ಟು ಭೂಕಂಪದ ಕಾಟವಿಲ್ಲ, ನಿಜ. ಆದರೂ ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಊರಿನ ನೆಲವನ್ನೂ ಹೀಗೆ ಬಿಡಿಬಿಡಿಯಾಗಿ ಅಳೆದಿದ್ದಾರೆ. ಮೆಜೆಸ್ಟಿಕ್ಕಿನಲ್ಲಿ ನಾವು ಬಸ್ಸಿಗೆ ಕಾಯುವ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ ಆಗಿತ್ತಲ್ಲ!

ನಮಸ್ಕಾರ.