ಮಾರ್ಚಲ್ಲಿ ಲೆಟ್ಯೂಸ್ ಯಾಕೆ ಸ್ವಾಮಿ?

ನಮಸ್ಕಾರ. ಬೇಸಿಗೆ ಶುರುವಾಯ್ತು ಅಂದ್ರೆ ನನಗೆ ಬರೋ ಪ್ರಶ್ನೆ ಒಂದೇ. 'ತಾರಸಿ ಮೇಲೆ ಸಲಾಡಿನ ಲೆಟ್ಯೂಸ್ ಸೊಪ್ಪು ಹಾಕಿದೀವಿ, ಗಿಡ ಕೋಲಿನ ಥರ ಎದ್ದುಬಿಟ್ಟಿದೆ, ಎಲೆ ಕಹಿ. ಯಾವ ಗೊಬ್ಬರ ಹಾಕೋದು?'

ಯಾವುದೂ ಬೇಡ, ಕಿತ್ತು ಕಾಂಪೋಸ್ಟಿಗೆ ಹಾಕಿ. ಲೆಟ್ಯೂಸ್‌ಗೆ ಹಿತ ಅನ್ಸೋದು 15ರಿಂದ 20 ಡಿಗ್ರಿ. ಸೆಕೆ ಏರಿ ಹಗಲು ಉದ್ದ ಆಯ್ತು ಅಂದ್ರೆ ಅದು ಎಲೆ ಬಿಟ್ಟು ಹೂವಿನ ಯೋಚನೆಗೆ ಬೀಳುತ್ತೆ, ಕಾಂಡದಲ್ಲಿ ಕಹಿ ಹಾಲು ತುಂಬುತ್ತೆ. ಅದು ಅದರ ಜಾಯಮಾನ. ಅದಕ್ಕೋಸ್ಕರ ಶೇಡ್‌ನೆಟ್, ಕೊಳವೆ, ಪಂಪು ಅಂತ ದುಡ್ಡು ಸುರಿಯೋದು ನೋಡಿದ್ರೆ ನನಗೆ ನಿಜಕ್ಕೂ ಸಂಕಟ ಆಗುತ್ತೆ.

ಹಸಿ ಸೊಪ್ಪು ತಿನ್ನಬೇಕು ತಾನೆ? ಒಂದೆಲಗ ನೆಡಿ. ಇಂಥ ಗಟ್ಟಿಪಿಂಡ ಇನ್ನೊಂದಿಲ್ಲ. ಬೀಜವೂ ಬೇಡ, ನರ್ಸರಿಯೂ ಬೇಡ. ಮಾರ್ಕೆಟ್‌ನಲ್ಲಿ ಕಟ್ಟು ತಗೊಳ್ಳುವಾಗ ಬಳ್ಳಿ ಸಮೇತ ಇರೋದನ್ನ ಆರಿಸಿ. ಗಿಣ್ಣು ಗಿಣ್ಣಲ್ಲೂ ಬಿಳೀ ನೂಲಿನಂಥ ಬೇರು ಕಾಣುತ್ತೆ. ಆ ಗಿಣ್ಣನ್ನ ಮಣ್ಣಿಗೆ ಒತ್ತಿ. ಆಳ ಬೇಡ, ಅಗಲ ಇರೋ ಕುಂಡ ಸಾಕು. ಅರೆನೆರಳು, ಮಣ್ಣು ಯಾವಾಗಲೂ ಒದ್ದೆ. ಎಲೆಯನ್ನ ತೊಟ್ಟಿನ ಸಮೇತ ಕೊಯ್ಯಿರಿ, ಬಳ್ಳಿ ಎಳೀಬೇಡಿ. ಕೊಯ್ದಷ್ಟೂ ಚಿಗುರುತ್ತೆ.

ಮಲೆನಾಡಿನವರಿಗೆ, ಕರಾವಳಿಯವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಹಿಡಿ ಎಲೆ, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸು ರುಬ್ಬಿ ಮಜ್ಜಿಗೆಗೆ ಹಾಕಿದ್ರೆ ತಂಬುಳಿ. ಒಲೆ ಹಚ್ಚೋ ಕೆಲಸವೇ ಇಲ್ಲ. ಶ್ರೀಲಂಕಾದವರು ಇದೇ ಎಲೆನ ಸಣ್ಣಗೆ ಹೆಚ್ಚಿ, ಕಾಯಿತುರಿ, ಈರುಳ್ಳಿ, ನಿಂಬೆರಸ ಬೆರೆಸಿ ಹಸಿಯಾಗೇ ತಿಂತಾರೆ. ನಮ್ಮ ಕೋಸಂಬರಿಗೆ ಅಣ್ಣನೋ ತಮ್ಮನೋ ಆಗಬೇಕು ಅದು.

ಒಂದು ಮಾತು ಮಾತ್ರ ಕೇಳಿ. ಬಚ್ಚಲ ನೀರು ಹೋಗೋ ಕಡೆ, ಮೋರಿ ಪಕ್ಕ ಇದು ತಾನಾಗೇ ಹಬ್ಬುತ್ತೆ. ಅದನ್ನ ಕಿತ್ತು ತಿನ್ನಬೇಡಿ. ಹಸಿ ತಿನ್ನೋ ಕುಂಡಕ್ಕೆ ಹಸಿ ಸಗಣಿ ನೀರೂ ಬೇಡ, ಚೆನ್ನಾಗಿ ಕಳಿತ ಗೊಬ್ಬರವೇ ಆಗಬೇಕು.

ಬಿಸಿಲು ಸುಡೋ ತಾರಸಿಗೆ ಗೋಣಿ ಸೊಪ್ಪು. ನೆಲಕ್ಕೆ ಹಬ್ಬೋ ದಪ್ಪ ಎಲೆಯ ಗಿಡ, ಕಳೆ ಅಂತ ಕಿತ್ತು ಎಸೀತೀರಲ್ಲ, ಅದೇ. ತುಂಡು ಕಾಂಡ ಊರಿದ್ರೂ ಹತ್ತಿಕೊಳ್ಳುತ್ತೆ. ಇದರದ್ದೊಂದು ಚಂದದ ಗುಟ್ಟಿದೆ: ನೀರು ಕಮ್ಮಿಯಾದಾಗ ರಾತ್ರಿ ಹೊತ್ತು ಗಾಳಿ ಎಳ್ಕೊಂಡು ಮಾಲಿಕ್ ಆಮ್ಲ ಅನ್ನೋ ಹುಳಿ ಕೂಡಿಡುತ್ತೆ. ಹಾಗಾಗಿ ಬೆಳಿಗ್ಗೆ ಕಿತ್ತ ಎಲೆ ಹುಳಿ ಜಾಸ್ತಿ, ಸಂಜೆಗೆ ಕಮ್ಮಿ. ಹೆಸರುಬೇಳೆ ಕೋಸಂಬರಿಗೆ ನಾನು ಬೆಳಗಿನದ್ದನ್ನೇ ಹಾಕೋದು. ಕೀಳುವಾಗ ಕಾಂಡ ಮುರಿದು ನೋಡಿ. ಬಿಳಿ ಹಾಲು ಬಂತೋ, ಅದು ಬೇರೆ ಕಳೆ, ಬಾಯಿಗೆ ಹಾಕಬೇಡಿ. ಗೋಣಿ ಸೊಪ್ಪಲ್ಲಿ ಕಲ್ಲು ಕಟ್ಟೋಕೆ ಕಾರಣವಾಗೋ ಆಕ್ಸಲೇಟ್ ಅಂಶ ಜಾಸ್ತಿ, ಕಿಡ್ನಿ ಕಲ್ಲಿನ ತೊಂದರೆ ಇರೋರು ದೂರ ಇರಿ.

ಹಾಗಂತ ಮನೇಲಿ ಬೆಳೆದಿದ್ದೆಲ್ಲ ಹಸಿ ತಿನ್ನೋದಲ್ಲ. ಚಕ್ರಮುನಿ ಸೊಪ್ಪಿನ ಗಿಡ ಬೇಲಿ ಸಾಲಿಗೆ ಬಹಳ ಒಳ್ಳೇದು, ಆದ್ರೆ ಬೇಯಿಸಿಯೇ ತಿನ್ನಿ, ಅದೂ ಮಿತವಾಗಿ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೆಳ್ಳಗಾಗ್ತೀವಿ ಅಂತ ಅದರ ಹಸಿ ರಸ ಕುಡಿದವರ ಶ್ವಾಸಕೋಶವೇ ಹಾಳಾಯ್ತು.

ಇಷ್ಟಾದ್ಮೇಲೂ ಲೆಟ್ಯೂಸೇ ಬೇಕು ಅನ್ನೋರು ಅಕ್ಟೋಬರ್ ಕೊನೇಲಿ ಬಿತ್ತಿ, ಹೊರಗಿನ ಎಲೆ ಕೊಯ್ಕೊಳ್ತಾ ಜನವರಿ ಒಳಗೆ ತಿಂದು ಮುಗಿಸಿ. ಫೆಬ್ರವರಿಗೆ ಅದೇ ಕುಂಡದಲ್ಲಿ ಗೋಣಿ ಸೊಪ್ಪು ಊರಿ.