ಅಧ್ಯಕ್ಷರ ಖಾಸಗಿ ತಪ್ಪಿಗೆ ಕುರ್ಚಿ ಹೋಗಬೇಕಾ?

1792ರ ಡಿಸೆಂಬರ್. ಅಮೆರಿಕದ ಮೊದಲ ಖಜಾನೆ ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮುಂದೆ ಸಂಸತ್ತಿನ ಮೂವರು ಸದಸ್ಯರು ಕೂತಿದ್ದಾರೆ. ಒಬ್ಬರು ಜೇಮ್ಸ್ ಮನ್ರೋ, ಮುಂದೆ ಅಧ್ಯಕ್ಷರಾದವರು. ಇವರಿಗೆ ಬಂದಿರುವ ಅನುಮಾನ ಸಣ್ಣದಲ್ಲ. ಒಬ್ಬ ವಂಚಕನ ಜೊತೆ ಸೇರಿ ಮಂತ್ರಿಗಳು ಸರ್ಕಾರದ ಹಣದಲ್ಲಿ ಆಟ ಆಡುತ್ತಿದ್ದಾರೆ, ಅದಕ್ಕೇ ಆ ಮನುಷ್ಯನಿಗೆ ಗುಟ್ಟಾಗಿ ದುಡ್ಡು ಹೋಗುತ್ತಿದೆ ಅಂತ.

ಹ್ಯಾಮಿಲ್ಟನ್ ಏನು ಮಾಡಿದರು ಗೊತ್ತಾ? ಪತ್ರಗಳ ಕಟ್ಟು ತಂದು ಮುಂದಿಟ್ಟರು. ದುಡ್ಡು ಕೊಟ್ಟಿದ್ದು ನಿಜ, ಆದರೆ ಅದು ನನ್ನ ಸ್ವಂತ ದುಡ್ಡು, ಆತನ ಹೆಂಡತಿಯ ಜೊತೆ ನನಗೆ ಸಂಬಂಧ ಇತ್ತು, ಬಾಯಿ ಮುಚ್ಚಿಸೋಕೆ ಕೊಟ್ಟೆ ಅಂದರು. ಬಂದವರಿಗೆ ಮುಜುಗರ. ಇದು ಸರ್ಕಾರದ ವಿಷಯ ಅಲ್ಲ ಅಂತ ಎದ್ದು ಹೋದರು. 1797ರಲ್ಲಿ ಗುಟ್ಟು ರಟ್ಟಾದಾಗ ಹ್ಯಾಮಿಲ್ಟನ್ ಅದನ್ನೆಲ್ಲ ತಾವೇ ಅಚ್ಚು ಹಾಕಿಸಿ ಊರಿಗೇ ಹಂಚಿದರು! ಮಾನ ಹೋದರೂ ಪರವಾಗಿಲ್ಲ, ಖಜಾನೆಗೆ ಕೈ ಹಾಕಿದ ಅನ್ನಿಸಿಕೊಳ್ಳಬಾರದು. ಅವರ ಲೆಕ್ಕ ಇಷ್ಟೇ.

ಈ ಕಥೆ ಯಾಕೆ ಮೊದಲು ಹೇಳಿದೆ ಅಂದರೆ, ಇದೇ ಹ್ಯಾಮಿಲ್ಟನ್ 1788ರಲ್ಲಿ ವಾಗ್ದಂಡನೆ (ಇಂಪೀಚ್‌ಮೆಂಟ್, ಅಂದರೆ ಅಧಿಕಾರದಲ್ಲಿರುವವರ ಮೇಲೆ ಸಂಸತ್ತು ಆರೋಪ ಹೊರಿಸುವುದು) ಯಾವುದಕ್ಕೆ ಅಂತ ವಿವರಿಸಿ ಬರೆದವರು. ಜನ ನಂಬಿ ಕೊಟ್ಟ ಅಧಿಕಾರವನ್ನು ಕೆಟ್ಟದ್ದಕ್ಕೆ ಬಳಸಿದರೆ, ಆ ನಂಬಿಕೆ ಮುರಿದರೆ, ಅದಕ್ಕೆ ವಾಗ್ದಂಡನೆ. ಇದು ಅವರ ಮಾತಿನ ಸಾರ.

(ಪರದೆ ಮೇಲೆ: ಹೌಸ್ → ಸೆನೆಟ್)

ವಾಗ್ದಂಡನೆ ಅಂದ ಕೂಡಲೇ ಅಧ್ಯಕ್ಷರು ಮನೆಗೆ ಹೋದರು ಅಂದುಕೊಳ್ಳಬೇಡಿ. ಹೌಸ್, ಅಂದರೆ ಸಂಸತ್ತಿನ ಕೆಳಮನೆ, ಸಾದಾ ಬಹುಮತದಲ್ಲಿ ಆರೋಪ ಹೊರಿಸುತ್ತದೆ. ವಿಚಾರಣೆ ಸೆನೆಟ್‌ನಲ್ಲಿ, ಅಂದರೆ ಮೇಲ್ಮನೆಯಲ್ಲಿ. ಅಲ್ಲಿ ಮೂರನೇ ಎರಡು ಭಾಗ ಮತ ಬೇಕು. ಹಾಗೆ ಕೆಳಗಿಳಿದ ಅಧ್ಯಕ್ಷರು ಇವತ್ತಿನವರೆಗೂ ಒಬ್ಬರೂ ಇಲ್ಲ. ಕಾರಣಗಳು ಏನಿರಬೇಕು ಅಂದರೆ ಸಂವಿಧಾನ ಹೇಳುವುದು ದೇಶದ್ರೋಹ, ಲಂಚ, ಆಮೇಲೆ 'ಇತರ ಘೋರ ಅಪರಾಧಗಳು ಮತ್ತು ದುರ್ನಡತೆಗಳು'. ಈ ಕೊನೆಯದೇ ತಲೆನೋವು. 1787ರಲ್ಲಿ ಸಂವಿಧಾನ ಬರೆಯಲು ಸೇರಿದ್ದವರಲ್ಲಿ ಒಬ್ಬರಾದ ಜಾರ್ಜ್ ಮೇಸನ್ ಮೊದಲು ಅಲ್ಲಿ 'ಕೆಟ್ಟ ಆಡಳಿತ' ಅನ್ನುವ ಪದ ಹಾಕೋಣ ಅಂದಿದ್ದರು. ಅಲ್ಲೇ ಇದ್ದ ಜೇಮ್ಸ್ ಮ್ಯಾಡಿಸನ್ ಒಪ್ಪಲಿಲ್ಲ. ಅಷ್ಟು ಸಡಿಲ ಪದ ಇಟ್ಟರೆ ಸೆನೆಟ್‌ಗೆ ಇಷ್ಟ ಇರುವವರೆಗೆ ಮಾತ್ರ ಅಧ್ಯಕ್ಷರು ಅಂತಾಗುತ್ತದೆ, ಅಲ್ವಾ? ಆಗ ಬಂದಿದ್ದು ಈಗಿನ ಪದಗಳು. ಇವೂ ಅಂಥ ಬಿಗಿ ಏನಲ್ಲ ಬಿಡಿ.

ಈಗ ಬಿಲ್ ಕ್ಲಿಂಟನ್, 1990ರ ದಶಕದ ಅಧ್ಯಕ್ಷರು.

ಹೆಚ್ಚಿನವರ ನೆನಪಿನಲ್ಲಿ ಉಳಿದಿರುವುದು ಶ್ವೇತಭವನ, ಇಂಟರ್ನ್ ಜೊತೆಗಿನ ಸಂಬಂಧ, ಅಷ್ಟೇ. ಆದರೆ ಹೌಸ್ ಹೊರಿಸಿದ ಆರೋಪದಲ್ಲಿ ಆ ಸಂಬಂಧವೇ ಅಪರಾಧ ಅಂತ ಇರಲಿಲ್ಲ. ಕ್ಲಿಂಟನ್ ಗವರ್ನರ್ ಆಗಿದ್ದ ಕಾಲದ ಲೈಂಗಿಕ ಕಿರುಕುಳದ ಬಗ್ಗೆ ಒಬ್ಬ ಮಹಿಳೆ ಸಿವಿಲ್ ಕೇಸು ಹಾಕಿದ್ದರು. ಅಧ್ಯಕ್ಷರಾಗಿದ್ದರೂ ಕೇಸು ನಡೆಯಲಿ ಅಂತ 1997ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಹೇಳಿದರು. ಆ ಕೇಸಿನಲ್ಲಿ 1998ರ ಜನವರಿಯಲ್ಲಿ ಪ್ರಮಾಣ ಮಾಡಿ ಹೇಳಿಕೆ ಕೊಡುವಾಗ ಇಂಟರ್ನ್ ಆಗಿದ್ದ ಆ ಯುವತಿಯ ಪ್ರಶ್ನೆ ಬಂತು, ಕ್ಲಿಂಟನ್ ಇಲ್ಲ ಅಂದರು, ಆಗಸ್ಟ್‌ನಲ್ಲಿ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕಾ ಅಂತ ತೀರ್ಮಾನಿಸುವ ನಾಗರಿಕರ ಗುಂಪು) ಮುಂದೆ ಪದಗಳ ಅರ್ಥ ಹಿಡಿದುಕೊಂಡು ಜಾರಿಕೊಳ್ಳೋಕೆ ನೋಡಿದರು, ಅಲ್ಲಿಂದ ಎಲ್ಲ ಶುರುವಾಯಿತು. 1998ರ ಡಿಸೆಂಬರ್ 19ಕ್ಕೆ ಹೌಸ್‌ನಲ್ಲಿ ಎರಡು ಆರೋಪ ಪಾಸಾದವು. ಗ್ರ್ಯಾಂಡ್ ಜ್ಯೂರಿ ಮುಂದೆ ಸುಳ್ಳು ಸಾಕ್ಷಿ, ಮತ್ತೆ ನ್ಯಾಯಕ್ಕೆ ಅಡ್ಡಿ. ಅಧಿಕಾರ ದುರುಪಯೋಗ ಅನ್ನುವ ಆರೋಪವೂ ಇತ್ತು, ಅದು 148–285ರಲ್ಲಿ ಬಿದ್ದುಹೋಯಿತು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಅಧಿಕಾರಕ್ಕೆ ನೇರವಾಗಿ ಸಂಬಂಧಪಟ್ಟಿದ್ದ ಆರೋಪಕ್ಕೇ ಅಲ್ಲಿ ಎಲ್ಲಕ್ಕಿಂತ ಕಮ್ಮಿ ಬೆಂಬಲ!

ಅವತ್ತೇ ಇನ್ನೊಂದು ತಮಾಷೆ. ಸ್ಪೀಕರ್ ಆಗಬೇಕಿದ್ದ ಬಾಬ್ ಲಿವಿಂಗ್‌ಸ್ಟನ್, ತಮ್ಮದೇ ವಿವಾಹೇತರ ಸಂಬಂಧಗಳು ಹೊರಗೆ ಬಂದಿದ್ದಕ್ಕೆ, ಸದನದಲ್ಲೇ ರಾಜೀನಾಮೆ ಹೇಳಿಬಿಟ್ಟರು. ಅದಕ್ಕೂ ಮುಂಚಿನ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಕೂಡ ಆ ಕಾಲದಲ್ಲಿ ತಮಗೊಂದು ಸಂಬಂಧ ಇತ್ತು ಅಂತ 2007ರಲ್ಲಿ ಒಪ್ಪಿಕೊಂಡರು.

ಫೆಬ್ರವರಿ 12, 1999ಕ್ಕೆ ಸೆನೆಟ್ ಮತ ಹಾಕಿತು. ಸುಳ್ಳು ಸಾಕ್ಷಿಗೆ 45 ಮಂದಿ ತಪ್ಪಿತಸ್ಥ ಅಂದರು, ನ್ಯಾಯಕ್ಕೆ ಅಡ್ಡಿಗೆ 50. ಬೇಕಾಗಿದ್ದು 67.

ಹಾಗಂತ ಕ್ಲಿಂಟನ್ ಸುಮ್ನೆ ಪಾರಾಗಲಿಲ್ಲ. ಆ ಸಿವಿಲ್ ಕೇಸಿನ ನ್ಯಾಯಾಧೀಶರೇ ಅವರನ್ನು ನ್ಯಾಯಾಂಗ ನಿಂದನೆಗೆ ಗುರಿ ಮಾಡಿ ದಂಡ ಹಾಕಿದರು, ವಕೀಲಿಕೆ ಲೈಸೆನ್ಸ್ ಐದು ವರ್ಷ ಅಮಾನತಾಯಿತು, ಆ ಮಹಿಳೆಗೆ 8,50,000 ಡಾಲರ್ ಕೊಟ್ಟು ರಾಜಿ ಆಗಬೇಕಾಯಿತು. ನನಗೆ ಇದು ಮುಖ್ಯ ಅನ್ನಿಸುತ್ತದೆ, ಯಾಕೆಂದರೆ 'ವಾಗ್ದಂಡನೆ ಇಲ್ಲದಿದ್ದರೆ ಅಧ್ಯಕ್ಷರಿಗೆ ಶಿಕ್ಷೆಯೇ ಇಲ್ಲ' ಅನ್ನುವ ವಾದ ಇಲ್ಲಿ ಅರ್ಧ ಬಿದ್ದುಹೋಗುತ್ತದೆ.

ನನ್ನ ಅಳತೆಗೋಲು ಒಂದೇ. ಆ ಕುರ್ಚಿ ಇಲ್ಲದಿದ್ದರೂ ಆ ತಪ್ಪು ಮಾಡಬಹುದಿತ್ತಾ? ಹೆಂಡತಿಗೆ ಮೋಸ ಮಾಡೋಕೆ ಕುರ್ಚಿ ಬೇಡ. ತೆರಿಗೆ ಕದಿಯೋಕೂ ಬೇಡ. 1974ರಲ್ಲಿ ಆಗಿನ ಅಧ್ಯಕ್ಷ ನಿಕ್ಸನ್ ಮೇಲೆ ತೆರಿಗೆ ವಂಚನೆಯ ಆರೋಪವನ್ನೂ ಸೇರಿಸೋಣ ಅಂತ ಹೊರಟಾಗ ಹೌಸ್‌ನ ನ್ಯಾಯಾಂಗ ಸಮಿತಿ 26–12ರಲ್ಲಿ ಬೇಡ ಅಂದಿತು. ಎಫ್‌ಬಿಐ ತನಿಖೆ ನಿಲ್ಲಿಸೋಕೆ ನಿಕ್ಸನ್ ಗುಪ್ತಚರ ಸಂಸ್ಥೆ ಸಿಐಎಯನ್ನು ಬಳಸಿದ್ದು ಮಾತ್ರ ಬೇರೆ. ಅದನ್ನು ಅಧ್ಯಕ್ಷರು ಬಿಟ್ಟರೆ ಇನ್ಯಾರು ಮಾಡೋಕಾಗುತ್ತದೆ?

ಹಾಗಾದರೆ ಕ್ಲಿಂಟನ್? ಕೋರ್ಟಿನಲ್ಲಿ ಸುಳ್ಳು ಹೇಳೋಕೆ ಕುರ್ಚಿ ಬೇಡ. ಅದಕ್ಕೆ ವಾಗ್ದಂಡನೆ ಜಾಸ್ತಿ ಆಯಿತು ಅಂತ ನಾನು ಹೇಳುತ್ತೇನೆ. ಆದರೆ ಆ ಸಂಬಂಧ? ಶುರುವಾದಾಗ ಆಕೆಗೆ 22 ವರ್ಷ, ಅದೇ ಕಟ್ಟಡದಲ್ಲಿ ಇಂಟರ್ನ್, ಆತ ಅಲ್ಲಿನ ಎಲ್ಲರಿಗೂ ಬಾಸ್. ಇಬ್ಬರ ಒಪ್ಪಿಗೆ ಇತ್ತು, ಸರಿ. ಆದರೂ ಅದಕ್ಕೆ 'ಖಾಸಗಿ' ಅಂತ ಚೀಟಿ ಅಂಟಿಸಿದ್ದು ಎಷ್ಟು ಸಲೀಸಾಗಿ ನಡೆಯಿತು ನೋಡಿ. ಎರಡೂ ಕಡೆಯವರು ಸುಳ್ಳಿನ ಬಗ್ಗೆ ತಿಂಗಳುಗಟ್ಟಲೆ ಕಿತ್ತಾಡಿದರು. ಬಾಸ್ ಮತ್ತು ಇಂಟರ್ನ್ ಅನ್ನುವ ವಿಷಯ, ನನ್ನ ಅಳತೆಗೋಲಿನ ಪ್ರಕಾರ ನಿಜವಾಗಿ ಕುರ್ಚಿಗೆ ಅಂಟಿಕೊಂಡಿದ್ದ ವಿಷಯ, ಆರೋಪಪಟ್ಟಿಯಲ್ಲೇ ಇರಲಿಲ್ಲ.

ಕಾಮೆಂಟ್‌ನಲ್ಲಿ ಒಬ್ಬರಾದರೂ ಕೇಳೇ ಕೇಳುತ್ತೀರಿ: ಕೊಲೆ ಮಾಡೋಕೂ ಕುರ್ಚಿ ಬೇಡವಲ್ಲ, ಕೊಲೆಗಾರ ಅಧ್ಯಕ್ಷನಾಗಿ ಇರಬಹುದಾ? ಇಲ್ಲ, ಅಲ್ಲಿ ನನ್ನ ಅಳತೆಗೋಲು ಕೆಲಸ ಮಾಡುವುದಿಲ್ಲ, ಎತ್ತಿ ಬಿಸಾಡುತ್ತೇನೆ. ಆದರೆ ಇದು ಸುಮ್ನೆ ಊಹೆಯ ಪ್ರಶ್ನೆ ಅಂದುಕೊಳ್ಳಬೇಡಿ. 1804ರ ಜುಲೈ 11ರಂದು ಉಪಾಧ್ಯಕ್ಷ ಆರನ್ ಬರ್ ದ್ವಂದ್ವಯುದ್ಧದಲ್ಲಿ ಒಬ್ಬರನ್ನು ಗುಂಡಿಟ್ಟು ಕೊಂದರು. ಸತ್ತವರು ಯಾರು ಅಂತೀರಾ? ನಮ್ಮ ಹ್ಯಾಮಿಲ್ಟನ್ನೇ. ನ್ಯೂಜೆರ್ಸಿಯಲ್ಲಿ ಬರ್ ಮೇಲೆ ಕೊಲೆ ಆರೋಪ ದಾಖಲಾಯಿತು. ಹೌಸ್ ಅವರ ಮೇಲೆ ವಾಗ್ದಂಡನೆಗೆ ಹೋಗಲಿಲ್ಲ. 1805ರ ಶುರುವಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಯಾಮ್ಯುಯಲ್ ಚೇಸ್ ಅವರ ವಾಗ್ದಂಡನೆ ವಿಚಾರಣೆ ಸೆನೆಟ್‌ನಲ್ಲಿ ನಡೆದಾಗ, ಅದರ ಅಧ್ಯಕ್ಷತೆ ವಹಿಸಿ ಕೂತಿದ್ದವರು ಇದೇ ಆರನ್ ಬರ್.